ಟರ್ಮಿನಲ್‌ನಲ್ಲಿ ಕನ್ನಡ ತಿದ್ದುವಾಗ ಕರ್ಸರ್ ಜಾರುವುದು ಯಾಕೆ?

ಪ್ರಶ್ನೆ: ಊರುಗಳ ಹೆಸರಿನ ಒಂದು ದೊಡ್ಡ ಪಟ್ಟಿಯನ್ನು ಲಿನಕ್ಸ್‌ನ ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ, ವಿಮ್ ಎಡಿಟರ್ ತೆರೆದು ತಿದ್ದುತ್ತಿದ್ದೇನೆ. ಕರ್ಸರ್ ಕಾಣುವುದು ಒಂದು ಕಡೆ, ಅಕ್ಷರ ಬೀಳುವುದು ಇನ್ನೊಂದು ಕಡೆ. ಸಾಲಿನ ಕೊನೆಗೆ ಹೋದಷ್ಟೂ ಅಂತರ ಜಾಸ್ತಿ. ಸ್ಪೇಸ್ ಕೊಟ್ಟು ಕಾಲಂ ಹೊಂದಿಸಿದರೂ ನೆಟ್ಟಗೆ ನಿಲ್ಲುವುದಿಲ್ಲ. ಬೇಸತ್ತು ಪೈಥಾನ್‌ನಲ್ಲಿ ನಾನೇ ಒಂದು ಸಣ್ಣ ಎಡಿಟರ್ ಬರೆಯಲು ಶುರು ಮಾಡಿದೆ. ಅಲ್ಲಿ ‘ಲೆನ್’ ಕೊಡುವ ಉದ್ದವನ್ನು ನಂಬಿದರೆ ಇನ್ನೂ ಕೆಡುತ್ತದೆ. ಕನ್ನಡದ ಒಂದು ಅಕ್ಷರದ ಅಗಲ ಎಷ್ಟು ಅಂತ ಎಡಿಟರ್ ಹೇಗೆ ತಿಳಿಯಬೇಕು?

ಉತ್ತರ: ನಿಮ್ಮ ಫೈಲ್ ಸರಿಯಾಗಿದೆ, ನಿಮ್ಮ ಫಾಂಟ್ ಕೂಡ ಬಹುಶಃ ಸರಿಯಾಗಿಯೇ ಇದೆ. ಜಗಳ ಇರುವುದು ವಿಮ್‌ಗೂ ಟರ್ಮಿನಲ್‌ಗೂ ನಡುವೆ. ಒಂದೇ ಪದ ಎಷ್ಟು ಜಾಗ ಹಿಡಿಯುತ್ತದೆ ಅಂತ ಇಬ್ಬರೂ ಬೇರೆ ಬೇರೆ ಲೆಕ್ಕ ಹಾಕುತ್ತಿದ್ದಾರೆ. ಮೊದಲು ಆ ಜಗಳ ಏನು ಅಂತ ನೋಡೋಣ. ಆಮೇಲೆ ನಿಮ್ಮ ಎಡಿಟರ್ ವಿಷಯಕ್ಕೆ ಬರೋಣ.

‘ಕರ್ನಾಟಕ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಇದರ ಉದ್ದ ಎಷ್ಟು?

ಯುಟಿಎಫ್-8 ಫೈಲಿನಲ್ಲಿ ಇದು 21 ಬೈಟ್. ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ ಯೂನಿಕೋಡ್, ಅದರ ಒಂದೊಂದು ಸಂಖ್ಯೆಗೆ ಕೋಡ್‌ಪಾಯಿಂಟ್ ಅನ್ನುತ್ತಾರೆ, ಅವನ್ನು ಬೈಟ್‌ಗಳಾಗಿ ಬರೆಯುವ ರೀತಿಯೇ ಯುಟಿಎಫ್-8. ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೂ ಮೂರು ಬೈಟ್ ಬೇಕು, ಇಲ್ಲಿ ಏಳು ಕೋಡ್‌ಪಾಯಿಂಟ್ ಇವೆ: ಕ, ರ, ವಿರಾಮ ಚಿಹ್ನೆ (‘ರ’ವನ್ನು ‘ರ್’ ಮಾಡುವ ಗುರುತು), ನ, ಇಳಿ, ಟ, ಕ. ಪೈಥಾನ್‌ನ ‘ಲೆನ್’ ಕೊಡುವುದು ಈ 7. ಹಳೆಯ ಲೆಕ್ಕದ ಟರ್ಮಿನಲ್ ಇದಕ್ಕೆ ತೆರೆಯ ಮೇಲೆ 6 ಚೌಕ, ಅಂದರೆ 6 ಮನೆ, ಕೊಡುತ್ತದೆ. ಯೂನಿಕೋಡ್‌ನ ಗ್ರಾಫೀಮ್ ಕ್ಲಸ್ಟರ್ (ಒಂದಾಗಿ ಎಣಿಸಬೇಕಾದ ಕೋಡ್‌ಪಾಯಿಂಟ್‌ಗಳ ಗುಂಪು) ನಿಯಮದ ಪ್ರಕಾರ ಇಲ್ಲಿ 5 ತುಂಡು: ಕ, ರ್, ನಾ, ಟ, ಕ. ಶಾಲೆಯ ಮಕ್ಕಳನ್ನು ಕೇಳಿದರೆ 4 ಅಕ್ಷರ ಅನ್ನುತ್ತಾರೆ: ಕ, ರ್ನಾ, ಟ, ಕ. ಇನ್ನು ತೆರೆಯ ಮೇಲೆ ನಿಜವಾದ ಅಗಲ ಎಷ್ಟು ಅಂದರೆ, ಅದು ಫಾಂಟ್ ಹೇಳಿದಷ್ಟು ಪಿಕ್ಸೆಲ್. ಮೇಲಿನ ಯಾವ ಸಂಖ್ಯೆಗೂ ಅದಕ್ಕೂ ನೇರ ಸಂಬಂಧ ಇಲ್ಲ.

ಈ ಸಂಖ್ಯೆಗಳಲ್ಲಿ ಯಾವುದೂ ತಪ್ಪಲ್ಲ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ. ಫೈಲ್ ಎಷ್ಟು ಜಾಗ ತಿನ್ನುತ್ತದೆ ಅಂತ ಕೇಳಿದರೆ 21. ಬಾಣದ ಕೀಲಿ ಎಷ್ಟು ಸಲ ಒತ್ತಬೇಕು ಅಂತ ಕೇಳಿದರೆ 4 ಆಗಬೇಕು. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಬಳಸಿದಾಗಲೇ ಎಡಿಟರ್ ಕೆಡುವುದು. ನೀವು ‘ಲೆನ್’ ಬಳಸಿ ಕರ್ಸರ್ ಇಟ್ಟಾಗ ಆದದ್ದೂ ಇದೇ.

ಈಗ ಟರ್ಮಿನಲ್ ಕಡೆ ಬನ್ನಿ. ಟರ್ಮಿನಲ್ ಅಂದರೆ ಚೌಕದ ಗಣಿತ ಪುಸ್ತಕ ಇದ್ದ ಹಾಗೆ: ಒಂದು ಮನೆಗೆ ಒಂದು ಅಕ್ಷರ, ಎಲ್ಲ ಮನೆಯೂ ಒಂದೇ ಅಗಲ. ಈ ಪದ್ಧತಿ ತುಂಬ ಹಳೆಯದು. ಐಬಿಎಂ 1928ರಲ್ಲಿ ತಂದ ತೂತಿನ ಕಾರ್ಡಿನಲ್ಲಿ 80 ಕಾಲಂ ಇತ್ತು. 1978ರ ವಿಟಿ-100 ಟರ್ಮಿನಲ್‌ನಲ್ಲೂ ಮಾಮೂಲಿ ಸಾಲಿಗೆ 80 ಕಾಲಂ. ಇವತ್ತು ನೀವು ತೆರೆಯುವ ಟರ್ಮಿನಲ್ ಕಿಟಕಿ ಆ ಯಂತ್ರದ ನಕಲೇ. ಇಂಗ್ಲಿಷ್‌ಗೆ ಇದು ಸಾಕಾಗಿತ್ತು, ಯಾಕಂದರೆ ಅಲ್ಲಿ ಒಂದು ಬೈಟ್, ಒಂದು ಅಕ್ಷರ, ಒಂದು ಮನೆ ಮೂರೂ ಒಂದೇ.

ಈ ಲೆಕ್ಕ ಮೊದಲು ಮುರಿದದ್ದು ಜಪಾನ್, ಚೀನಾ, ಕೊರಿಯಾಗಳಲ್ಲಿ. ಕಾಂಜಿ (ಚೀನಿ ಮೂಲದ) ಅಕ್ಷರ ಒಂದು ಮನೆಯಲ್ಲಿ ಹಿಡಿಸುವುದಿಲ್ಲ, ಎರಡು ಮನೆ ಬೇಕು. ಜಪಾನಿನ ಹಳೆಯ ಶಿಫ್ಟ್-ಜಿಸ್ ಸಂಕೇತದಲ್ಲಿ ಕಾಂಜಿಗೆ ಎರಡು ಬೈಟ್, ಅರ್ಧ ಅಗಲದ ಕಾತಾಕಾನಾ ಲಿಪಿಗೆ ಒಂದು ಬೈಟ್. ಹಾಗಾಗಿ ಬೈಟ್ ಎಣಿಸಿದರೆ ಮನೆಯ ಲೆಕ್ಕವೂ ಸಿಕ್ಕಿಬಿಡುತ್ತಿತ್ತು. ಯೂನಿಕೋಡ್ ಬಂದಾಗ ಈ ಅರ್ಧ–ಪೂರ್ತಿ ವಿವರವನ್ನು ಉಳಿಸಿಕೊಳ್ಳಲು ‘ಪೂರ್ವ ಏಷ್ಯಾ ಅಗಲ’ ಅಂತ ಒಂದು ಗುಣವನ್ನು ಪ್ರತಿ ಕೋಡ್‌ಪಾಯಿಂಟಿಗೂ ಕೊಟ್ಟರು. ಅದರಲ್ಲಿ ಕನ್ನಡಕ್ಕೆ ಸಿಕ್ಕಿದ್ದು ‘ತಟಸ್ಥ’ ಅನ್ನುವ ಗುರುತು. ಅಂದರೆ, ನಿಮ್ಮ ಬಗ್ಗೆ ಈ ಪಟ್ಟಿ ಏನೂ ಹೇಳುವುದಿಲ್ಲ ಅಂತ. ಟರ್ಮಿನಲ್‌ಗಳು ಈ ಗುಣವನ್ನು ಹಾಗೇ ನೇರವಾಗಿ ಬಳಸಬಾರದು, ತಿದ್ದಿಕೊಂಡು ಬಳಸಬೇಕು ಅಂತ ಅದನ್ನು ವಿವರಿಸುವ ಯೂನಿಕೋಡ್ ದಾಖಲೆಯೇ ಹೇಳುತ್ತದೆ. ಆದರೆ ಜಗತ್ತಿನಲ್ಲಿ ನಡೆದದ್ದು ಬೇರೆ. ತಟಸ್ಥ ಅಂದರೆ ಒಂದು ಮನೆ ಅಂತ ಎಲ್ಲರೂ ಎಣಿಸಿಕೊಂಡರು.

ಅಗಲ ಹೇಳುವ ಕೆಲಸ ಮಾಡುವುದು ‘ಡಬ್ಲ್ಯೂಸಿ-ವಿಡ್ತ್’ ಅನ್ನುವ ಒಂದು ಪುಟ್ಟ ಫಂಕ್ಷನ್. ಕೋಡ್‌ಪಾಯಿಂಟ್ ಕೊಟ್ಟರೆ 0, 1 ಅಥವಾ 2 ಅಂತ ಹೇಳುತ್ತದೆ. ಕೇಂಬ್ರಿಡ್ಜ್‌ನ ಮಾರ್ಕಸ್ ಕುನ್ ಬರೆದು ಎಲ್ಲರಿಗೂ ಕೊಟ್ಟ ಆವೃತ್ತಿ ಬೇಕಾದಷ್ಟು ಕಡೆ ಹರಡಿತು. ಅದರ ನಿಯಮ ಸರಳ. ಯೂನಿಕೋಡ್‌ನಲ್ಲಿ ‘ಜಾಗ ಹಿಡಿಯದ ಚಿಹ್ನೆ’ ಅಂತ ಗುರುತಾಗಿದ್ದರೆ 0 ಮನೆ. ‘ಜಾಗ ಹಿಡಿಯುವ ಚಿಹ್ನೆ’ ಆಗಿದ್ದರೆ ಮಾಮೂಲಿ ಅಕ್ಷರದ ಹಾಗೆ 1 ಮನೆ.

ಈಗ ನಮ್ಮ ಕಾಗುಣಿತವನ್ನು ಇದರ ಮುಂದೆ ಇಟ್ಟು ನೋಡಿ. ಗುಡಿಸು, ಎತ್ವ, ಔತ್ವ, ವಿರಾಮ ಚಿಹ್ನೆ ಇವೆಲ್ಲ ಜಾಗ ಹಿಡಿಯದ ಗುಂಪಿನಲ್ಲಿವೆ. ಇಳಿ, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ಎತ್ವದ ದೀರ್ಘ, ಐತ್ವ, ಒತ್ವ, ಓತ್ವ, ಸೊನ್ನೆ ಇವೆಲ್ಲ ಜಾಗ ಹಿಡಿಯುವ ಗುಂಪಿನಲ್ಲಿವೆ. ಹಾಗಾಗಿ ಈ ಲೆಕ್ಕದಲ್ಲಿ ‘ಕಿ’ ಒಂದು ಮನೆ, ‘ಕೀ’ ಎರಡು. ‘ಕೆ’ ಒಂದು, ‘ಕೇ’ ಎರಡು. ‘ಕೌ’ ಒಂದು, ‘ಕು’ ಎರಡು! ತೆರೆಯ ಮೇಲೆ ‘ಕೌ’ ಮತ್ತು ‘ಕು’ ನೋಡಿದವರು ಯಾರೂ ಒಂದು ಇನ್ನೊಂದರ ಅರ್ಧ ಅನ್ನುವುದಿಲ್ಲ. ಆದರೂ ಪಟ್ಟಿ ಹಾಗೆ ಹೇಳುತ್ತದೆ.

ವಿಮ್ ಬೇರೆ ದಾರಿ ಹಿಡಿಯುತ್ತದೆ. ಅದರ ಕೋಷ್ಟಕದಲ್ಲಿ ಎರಡೂ ಗುಂಪಿನ ಚಿಹ್ನೆಗಳು ಹಿಂದಿನ ಅಕ್ಷರಕ್ಕೆ ಅಂಟಿಕೊಂಡವು, ಬೇರೆ ಮನೆ ಬೇಡ. ವಿಮ್ ಪಾಲಿಗೆ ‘ಕಿ’, ‘ಕೀ’, ‘ಕು’ ಎಲ್ಲವೂ ಒಂದೊಂದೇ ಮನೆ. ನನ್ನ ಪ್ರಕಾರ ಇದು ಹೆಚ್ಚು ಒಪ್ಪುವ ಲೆಕ್ಕ. ಆದರೆ ಟರ್ಮಿನಲ್ ಒಪ್ಪಬೇಕಲ್ಲ!

ನಿಮ್ಮ ಊರುಗಳ ಪಟ್ಟಿಯಲ್ಲೇ ಇದನ್ನು ನೋಡಬಹುದು. ‘ಶಿರಸಿ’ ವಿಮ್‌ಗೂ 3, ಟರ್ಮಿನಲ್‌ಗೂ 3. ಕರ್ಸರ್ ಸರಿಯಾಗಿ ಕೂರುತ್ತದೆ. ‘ತೀರ್ಥಹಳ್ಳಿ’ ವಿಮ್‌ಗೆ 6, ಟರ್ಮಿನಲ್‌ಗೆ 7. ಅಲ್ಲಿ ಒಂದು ಮನೆ ಜಾರಿತು, ‘ತೀ’ಯ ದೀರ್ಘದಿಂದ. ‘ಕೋಲಾರ’ ವಿಮ್‌ಗೆ 3, ಟರ್ಮಿನಲ್‌ಗೆ 5. ಮೂರೇ ಅಕ್ಷರದಲ್ಲಿ ಎರಡು ಮನೆ ತಪ್ಪಿತು. ‘ಶ್ರೀರಂಗಪಟ್ಟಣ’ದಲ್ಲಿ ಒಂದು ದೀರ್ಘ, ಒಂದು ಸೊನ್ನೆ: 8 ಮತ್ತು 10. ಒಂದೇ ಸಾಲಿನಲ್ಲಿ ಈ ನಾಲ್ಕೂ ಹೆಸರು ಇದ್ದರೆ ತಪ್ಪು ಕೂಡುತ್ತಾ ಹೋಗುತ್ತದೆ. ಕರ್ಸರ್‌ನ್ನು ಇಂಥ ಮನೆಯಲ್ಲಿ ಇಡು ಅಂತ ವಿಮ್ ತನ್ನ ಲೆಕ್ಕದಲ್ಲಿ ಹೇಳುತ್ತದೆ, ಅಕ್ಷರ ಮಾತ್ರ ಅಷ್ಟರಲ್ಲಿ ಐದು ಮನೆ ಬಲಕ್ಕೆ ಹೋಗಿರುತ್ತದೆ. ಸಾಲಿನ ಕೊನೆಗೆ ಹೋದಷ್ಟೂ ಅಂತರ ಜಾಸ್ತಿ ಅಂದಿರಲ್ಲ, ಕಾರಣ ಇದೇ.

ನಿಮ್ಮ ಟರ್ಮಿನಲ್ ಯಾವ ಲೆಕ್ಕ ಹಾಕುತ್ತದೆ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಒಂದು ಸಾಲಿನಲ್ಲಿ ‘ಕಿ’ ಹತ್ತು ಸಲ ಬರೆದು ಕೊನೆಗೆ ಒಂದು ನಿಂತ ಗೀಟು ಹಾಕಿ. ಮುಂದಿನ ಸಾಲಿನಲ್ಲಿ ‘ಕೀ’ ಹತ್ತು ಸಲ, ಮತ್ತೆ ಗೀಟು. ಮೂರನೆಯದರಲ್ಲಿ 1ರಿಂದ 9, ಮತ್ತೆ 0, ಮತ್ತೆ 1ರಿಂದ ಅಂತ ಅಳತೆಗೆ ಅಂಕಿಗಳು. ಯಾವ ಎಡಿಟರನ್ನೂ ತೆರೆಯದೆ ಫೈಲನ್ನು ಟರ್ಮಿನಲ್‌ನಲ್ಲಿ ನೇರವಾಗಿ ತೋರಿಸಿ. ಮೊದಲ ಗೀಟು 11ನೇ ಮನೆಯಲ್ಲಿ, ಎರಡನೆಯದು 21ನೇ ಮನೆಯಲ್ಲಿ ಇದ್ದರೆ ನಿಮ್ಮದು ಹಳೆಯ ಲೆಕ್ಕ. ಎರಡೂ 11ರಲ್ಲಿ ಇದ್ದರೆ ವಿಮ್ ಜೊತೆ ಅದು ಹೊಂದಿಕೊಳ್ಳುತ್ತದೆ. ಎರಡೂ ಅಲ್ಲದೆ ಗೀಟು ಯಾವ ಅಂಕಿಗೂ ನೆಟ್ಟಗಿಲ್ಲ ಅಂದರೆ ಟರ್ಮಿನಲ್ ಮನೆಯ ಗಡಿ ಬಿಟ್ಟು ಫಾಂಟಿನ ಅಗಲಕ್ಕೆ ಬಿಡಿಸುತ್ತಿದೆ.

ಟರ್ಮಿನಲ್ ಬದಲಿಸುವುದಾದರೆ ಒಂದು ಮಾತು. ಹಳೆಯ ಎಕ್ಸ್‌ಟರ್ಮ್ ಕನ್ನಡದ ಒತ್ತಕ್ಷರಗಳನ್ನು ಕೂಡಿಸುವುದೇ ಇಲ್ಲ, ಬಿಡಿಬಿಡಿಯಾಗಿ ತೋರಿಸುತ್ತದೆ. ಎಂಎಲ್‌ಟರ್ಮ್ ಅನ್ನುವುದು ಭಾರತೀಯ ಲಿಪಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬೆಳೆದದ್ದು. ಕಾಂಟೂರ್, ವೆಜ್‌ಟರ್ಮ್, ಘೋಸ್ಟಿಯಂಥ ಹೊಸ ಟರ್ಮಿನಲ್‌ಗಳಲ್ಲಿ ‘ಮೋಡ್ 2027’ ಅಂತ ಒಂದು ಒಪ್ಪಂದ ಬಂದಿದೆ. ಪ್ರೋಗ್ರಾಂ ಅದನ್ನು ಚಾಲು ಮಾಡಿದರೆ ಟರ್ಮಿನಲ್ ಕೋಡ್‌ಪಾಯಿಂಟ್ ಬದಲು ಕ್ಲಸ್ಟರ್ ಲೆಕ್ಕದಲ್ಲಿ ಮನೆ ಕೊಡುತ್ತದೆ. ಇದು ಬೆಳೆದದ್ದು ಎಮೋಜಿ ಕಾಟದಿಂದ, ಆದರೆ ಲಾಭ ನಮಗೂ ಇದೆ. ಆದರೆ ಇದೂ ಪೂರ್ತಿ ಪರಿಹಾರ ಅಲ್ಲ. ‘ಷ್ಟ್ರ’ ಒಂದು ಮನೆಯಲ್ಲಿ ಹಿಡಿಸುವುದಿಲ್ಲ, ಕೆಳಗೆ ಎರಡು ಒತ್ತಿಗೂ ಜಾಗ ಬೇಕು. ‘ಯೋ’ ಮತ್ತು ‘ರ’ ಎರಡಕ್ಕೂ ಒಂದೇ ಅಗಲ ಅಂದರೆ ಒಂದು ನಜ್ಜುಗುಜ್ಜಾಗುತ್ತದೆ, ಇನ್ನೊಂದರ ಪಕ್ಕ ಖಾಲಿ ಉಳಿಯುತ್ತದೆ. ಕನ್ನಡ ಕಂಪ್ಯೂಟರಿಗೆ ಕಷ್ಟದ ಲಿಪಿ ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಲಿಪಿಗಾಗಿ ಮಾಡಿದ ಚೌಕದೊಳಗೆ ಎಲ್ಲ ಲಿಪಿಯನ್ನೂ ತುರುಕುವುದು ಎಂಜಿನಿಯರುಗಳ ಆಯ್ಕೆ. ಅದರಲ್ಲಿ ಲಿಪಿಯ ತಪ್ಪೇನೂ ಇಲ್ಲ.

ಹಾಗಾಗಿ ನನ್ನ ಸಲಹೆ ನೇರವಾಗಿದೆ: ಕನ್ನಡ ಬರಹವನ್ನು ತಿದ್ದುವ ಕೆಲಸವನ್ನು ಟರ್ಮಿನಲ್‌ನಿಂದ ಹೊರಗೆ ತನ್ನಿ. ಅಕ್ಷರ ಕೂಡಿಸುವ ಎಂಜಿನ್ ಇರುವ ಕಿಟಕಿ ಎಡಿಟರ್ ಬಳಸಿ. ಈಮ್ಯಾಕ್ಸ್ 27ನೇ ಆವೃತ್ತಿಯಿಂದ ಹಾರ್ಫ್‌ಬಝ್ ಎಂಜಿನ್ ಬಳಸುತ್ತದೆ. ಅದರ ಕಿಟಕಿ ರೂಪದಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. ವಿಎಸ್ ಕೋಡ್ ಕೂಡ ಬ್ರೌಸರಿನ ಎಂಜಿನ್ ಮೇಲೆಯೇ ನಿಂತಿರುವುದರಿಂದ ಒತ್ತಕ್ಷರ ಸರಿಯಾಗಿ ತೋರಿಸುತ್ತದೆ. ಆದರೆ ಕೆಳಗಿನ ಪಟ್ಟಿಯಲ್ಲಿ ಅದು ತೋರಿಸುವ ಕಾಲಂ ಸಂಖ್ಯೆಯನ್ನು ಕನ್ನಡ ಸಾಲಿನಲ್ಲಿ ನಂಬಬೇಡಿ. ಫಾಂಟ್ ವಿಷಯಕ್ಕೂ ಒಂದು ಮಾತು. ಕೋಡ್ ಬರೆಯಲು ಬಳಸುವ ಡೇಜಾವು ಮೋನೋದಂಥ ಫಾಂಟಿನಲ್ಲಿ ಕನ್ನಡವೇ ಇಲ್ಲ. ಆಗ ಸಿಸ್ಟಂ ತನಗೆ ತೋಚಿದ ಫಾಂಟ್ ತಂದು ಹಾಕುತ್ತದೆ, ಸಾಲಿನ ಎತ್ತರ ಏರುಪೇರಾಗುತ್ತದೆ. ಎರಡನೇ ಫಾಂಟ್ ಆಗಿ ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಇವುಗಳಲ್ಲಿ ಒಂದನ್ನು ನೀವೇ ಹೆಸರಿಸಿ ಇಡಿ. ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಿ, ‘ರಾಷ್ಟ್ರ’ದ ಕೆಳಗಿನ ಒತ್ತು ಕತ್ತರಿಸಿ ಹೋಗದ ಹಾಗೆ.

ವಿಮ್ ಬಿಡಲು ಮನಸ್ಸಿಲ್ಲ ಅಂದರೆ ಎರಡು ಮೂರು ವಿಷಯ ತಿಳಿದಿರಲಿ. ಕರ್ಸರ್ ಅಕ್ಷರದ ಮೇಲಿದ್ದಾಗ ‘ಜಿ’ ಮತ್ತು ‘ಎ’ ಕೀಲಿ ಒತ್ತಿದರೆ ಒಳಗಿನ ಕೋಡ್‌ಪಾಯಿಂಟ್‌ಗಳು ಕಾಣುತ್ತವೆ. ‘ಜಿ’ ಮತ್ತು 8 ಒತ್ತಿದರೆ ಬೈಟ್‌ಗಳು ಕಾಣುತ್ತವೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದ ಯಾಕೆ ಬೇರೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ‘ಮ್ಯಾಕ್ಸ್‌ಕಂಬೈನ್’ ಅನ್ನುವ ಸೆಟ್ಟಿಂಗ್ ಮೂಲದಲ್ಲಿ 2 ಇರುತ್ತದೆ, ಅದನ್ನು 6ಕ್ಕೆ ಏರಿಸಿ. ಇಲ್ಲದಿದ್ದರೆ ಒಂದು ಅಕ್ಷರಕ್ಕೆ ಮೂರು ಚಿಹ್ನೆ ಅಂಟಿದಾಗ ಮೂರನೆಯದು ಕಾಣುವುದಿಲ್ಲ. ಫೈಲಿನಲ್ಲಿ ಇರುತ್ತದೆ, ತೆರೆಯ ಮೇಲೆ ಇರುವುದಿಲ್ಲ. ‘ಡೆಲ್‌ಕಂಬೈನ್’ ಚಾಲು ಮಾಡಿ. ಆಗ ಬ್ಯಾಕ್‌ಸ್ಪೇಸ್ ಒತ್ತಿದರೆ ‘ಕೀ’ ಪೂರ್ತಿ ಹೋಗುವ ಬದಲು ದೀರ್ಘದ ಚಿಹ್ನೆ ಮಾತ್ರ ಹೋಗುತ್ತದೆ.

ಮೂರು ಚಿಹ್ನೆ ಒಂದೇ ಅಕ್ಷರಕ್ಕೆ ಎಲ್ಲಿಂದ ಬಂತು ಅಂತ ಕೇಳಬಹುದು. ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ನಿಲ್ಲುತ್ತೇನೆ. ‘ಕೋ’ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ ಇದೆ. ಒಂದು, ‘ಕ’ದ ಪಕ್ಕ ಓತ್ವದ ಒಂದೇ ಕೋಡ್‌ಪಾಯಿಂಟ್, ದಶಮಾಂಶದಲ್ಲಿ 3275. ಇನ್ನೊಂದು, ‘ಕ’ದ ಪಕ್ಕ ಎತ್ವ 3270, ಕೊಂಬಿನ ಇಳಿ 3266, ದೀರ್ಘ 3285, ಮೂರೂ ಬಿಡಿಬಿಡಿಯಾಗಿ. ನಾವು ಸ್ಲೇಟಿನ ಮೇಲೆ ಕೈಯಲ್ಲಿ ಬರೆಯುವುದು ಎರಡನೇ ದಾರಿಯಲ್ಲೇ: ಎತ್ವ ಹಾಕಿ, ಕೊಂಬಿನ ಇಳಿ ಎಳೆದು, ದೀರ್ಘ ಕೊಡುತ್ತೇವೆ. ಎರಡೂ ಸಮಾನ ಅಂತ ಯೂನಿಕೋಡ್ ಹೇಳುತ್ತದೆ. ಆದರೆ ಬೈಟ್ ಹೋಲಿಸುವ ಹುಡುಕಾಟಕ್ಕೆ ಇವೆರಡೂ ಬೇರೆ ಬೇರೆ ಪದ. ‘ಕೋಲಾರ’ ಒಂದು ಕಡೆ 5 ಕೋಡ್‌ಪಾಯಿಂಟ್, ಇನ್ನೊಂದು ಕಡೆ 7. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ತಂದ ಹೆಸರುಗಳ ಪಟ್ಟಿ ನಿಮ್ಮ ಕೈಗೆ ಬಂದಿದ್ದರೆ, ಕಣ್ಣೆದುರಿಗೇ ಇರುವ ‘ಕೋಲಾರ’ ಹುಡುಕಿದರೂ ಸಿಗುವುದಿಲ್ಲ.

ಪೈಥಾನ್‌ನಲ್ಲಿ ಇದಕ್ಕೆ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಇದೆ. ಅದಕ್ಕೆ ‘ಎನ್‌ಎಫ್‌ಸಿ’ ರೂಪ ಕೇಳಿದರೆ ಬಿಡಿ ಚಿಹ್ನೆಗಳು ಕೂಡಿಕೊಳ್ಳುತ್ತವೆ. ಎಲ್ಲಿ ಬಳಸಬೇಕು ಅನ್ನುವುದು ಮುಖ್ಯ. ಹುಡುಕುವಾಗ ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಮಾಡಿ ಹೋಲಿಸಿ. ಕೀಲಿಮಣೆಯಿಂದ ಹೊಸದಾಗಿ ಬಂದದ್ದನ್ನೂ ಎನ್‌ಎಫ್‌ಸಿ ಮಾಡಿ ಸೇರಿಸಿ. ಆದರೆ ಫೈಲ್ ಉಳಿಸುವಾಗ ಬಳಕೆದಾರರಿಗೆ ಹೇಳದೆ ಇಡೀ ಫೈಲನ್ನು ಬದಲಿಸಬೇಡಿ. ಅವರು ಒಂದು ಸಾಲು ತಿದ್ದಿರುತ್ತಾರೆ, ಬದಲಾವಣೆಗಳನ್ನು ದಾಖಲಿಸುವ ಗಿಟ್ ಮಾತ್ರ ನೂರಾರು ಸಾಲು ಬದಲಾಗಿದೆ ಅನ್ನುತ್ತದೆ. ಎಡಿಟರ್ ತಾನು ಮುಟ್ಟಬೇಕಾಗಿಲ್ಲದ ಬೈಟನ್ನು ಮುಟ್ಟಬಾರದು. ಈ ಒಂದು ನಿಯಮದಲ್ಲಿ ಮಾತ್ರ ನಾನು ತುಂಬ ಬಿಗಿ.

ಕಾಣದ ಅಕ್ಷರಗಳೂ ಇದೇ ಜಾತಿಯ ತೊಂದರೆ. ‘ಸಾಫ್ಟ್‌ವೇರ್’ ಅನ್ನುವಾಗ ‘ಟ್’ ಆದ ಮೇಲೆ ಅಗಲವೇ ಇಲ್ಲದ ಒಂದು ಕೋಡ್‌ಪಾಯಿಂಟ್ ಇದೆ, ಸಂಖ್ಯೆ 8204. ಅದು ‘ವ’ ಒತ್ತಾಗಿ ಕೆಳಗೆ ಇಳಿಯದಂತೆ ತಡೆಯುತ್ತದೆ. ಅದನ್ನು ತೆಗೆದರೆ ‘ಸಾಫ್ಟ್ವೇರ್’ ಆಗುತ್ತದೆ, ಓದಲು ತಡವರಿಸಬೇಕು. ಇದರ ಜೋಡಿ 8205. ‘ರ‍್ಯಾಂಕ್’ ಬರೆಯುವಾಗ ‘ರ’ ಪೂರ್ತಿಯಾಗಿ ನಿಂತು ಕೆಳಗೆ ಯ ಒತ್ತು ಬರಲು ‘ರ’ಕ್ಕೂ ವಿರಾಮ ಚಿಹ್ನೆಗೂ ನಡುವೆ ಇದು ಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಕೆಲವು ಪ್ರೋಗ್ರಾಂಗಳು ಇವನ್ನು ಕಸ ಅಂತ ತಿಳಿದು ಗುಡಿಸಿಹಾಕುತ್ತವೆ. ನೀವು ಹಾಗೆ ಮಾಡಬೇಡಿ. ಉಳಿಸುವಾಗ ಇರಲಿ, ಹುಡುಕುವಾಗ ಮಾತ್ರ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಯಾಕಂದರೆ ಒಬ್ಬರು 8204 ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಬಿಟ್ಟು ಬರೆದಿರುತ್ತಾರೆ.

ಈಗ ನಿಮ್ಮ ಎಡಿಟರ್. ಅಗಲವನ್ನು ಎಣಿಸಲು ಹೋಗಬೇಡಿ, ಅಳೆಯಿರಿ. ಪೈಥಾನ್‌ನಲ್ಲಿ ‘ಡಬ್ಲ್ಯೂಸಿ-ವಿಡ್ತ್’ ಹೆಸರಿನದೇ ಒಂದು ಪ್ಯಾಕೇಜ್ ಇದೆ, ಒಳ್ಳೆಯ ಕೆಲಸ. ಆದರೆ 2023ರಲ್ಲಿ ಬಂದ ಆವೃತ್ತಿಯಲ್ಲಿ ದೇವನಾಗರಿ, ತಮಿಳು, ಕನ್ನಡದ ಚಿಹ್ನೆಗಳ ಲೆಕ್ಕವನ್ನೇ ಬದಲಿಸಿದರು. ಹಿಂದಿನ ಆವೃತ್ತಿ ‘ಕರ್ನಾಟಕ’ಕ್ಕೆ 6 ಅನ್ನುತ್ತಿತ್ತು, ಅದು 5 ಅನ್ನುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ನೆಟ್ಟಗಿದ್ದ ಕಾಲಂ ಗೆಳೆಯರ ಕಂಪ್ಯೂಟರಿನಲ್ಲಿ ಸೊಟ್ಟಗಾಗಲು ಇಷ್ಟು ಸಾಕು. ಟರ್ಮಿನಲ್ ಎಡಿಟರೇ ಬರೆಯಬೇಕು ಅಂದರೆ, ಶುರುವಾದ ಕೂಡಲೇ ‘ಕೀ’ ಒಂದನ್ನು ಬರೆದು, ಕರ್ಸರ್ ಈಗ ಎಲ್ಲಿದೆ ಅಂತ ಟರ್ಮಿನಲನ್ನೇ ಕೇಳಿ. ಕರ್ಸರ್ ಜಾಗ ತಿಳಿಸುವ ಆಜ್ಞೆ ವಿಟಿ-100 ಕಾಲದಿಂದ ಇದೆ. ಅದು ಒಂದು ಮನೆ ಮುಂದೆ ಹೋಗಿದೆಯೋ ಎರಡೋ ನೋಡಿ, ನಿಮ್ಮ ಕೋಷ್ಟಕವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ಪಟ್ಟಿ ಏನೇ ಹೇಳಲಿ, ಆ ತೆರೆಯ ಮೇಲೆ ಟರ್ಮಿನಲ್ ಹೇಳಿದ್ದೇ ನಿಜ.

ಕಿಟಕಿ ಎಡಿಟರ್ ಆದರೆ ಕೆಲಸ ಇನ್ನೂ ಹಗುರ. ಸಾಲನ್ನು ಅಕ್ಷರ ಜೋಡಿಸಿಕೊಡುವ ಪ್ಯಾಂಗೋ ಅಥವಾ ಕ್ಯೂಟಿ ಲೈಬ್ರರಿಯ ಲೇಔಟ್ ಕೈಗೆ ಕೊಡಿ. ಇಷ್ಟನೇ ಕೋಡ್‌ಪಾಯಿಂಟ್ ಎಷ್ಟನೇ ಪಿಕ್ಸೆಲ್‌ನಲ್ಲಿದೆ ಅಂತಲೂ ಕೇಳಬಹುದು. ಮೌಸ್ ಇಲ್ಲಿ ಒತ್ತಿದರೆ ಯಾವ ಅಕ್ಷರ ಅಂತಲೂ ಕೇಳಬಹುದು. ಎರಡಕ್ಕೂ ಉತ್ತರ ಸಿಗುತ್ತದೆ. ಕರ್ಸರ್ ಜಾಗವನ್ನು ಮೆಮೊರಿಯಲ್ಲಿ ಕೋಡ್‌ಪಾಯಿಂಟ್ ಸಂಖ್ಯೆಯಾಗಿ ಇಟ್ಟುಕೊಳ್ಳಿ. ಮೇಲೆ ಕೆಳಗೆ ಹೋಗುವಾಗ ಮಾತ್ರ ಪಿಕ್ಸೆಲ್ ನೆನಪಿಟ್ಟುಕೊಳ್ಳಿ. ‘ಕಾಲಂ 12’ ಅಂತ ನೆನಪಿಟ್ಟುಕೊಂಡು ಕೆಳಗಿನ ಸಾಲಿಗೆ ಹೋದರೆ ಕರ್ಸರ್ ಎಲ್ಲೋ ಹಾರುತ್ತದೆ.

ಬಾಣದ ಕೀಲಿಯಲ್ಲಿ ಒಂದು ತೊಡಕಿದೆ, ಇದನ್ನು ಗಮನವಿಟ್ಟು ನೋಡಿ. ಎಲ್ಲಿ ನಿಲ್ಲಬೇಕು ಅಂತ ಸಾಮಾನ್ಯವಾಗಿ ಗ್ರಾಫೀಮ್ ಕ್ಲಸ್ಟರ್ ನಿಯಮದಿಂದ ತಿಳಿಯುತ್ತೇವೆ. ಪೈಥಾನ್‌ನ ‘ರೆಜೆಕ್ಸ್’ ಪ್ಯಾಕೇಜಿನಲ್ಲಿ ಅದಕ್ಕೆ ಸಿದ್ಧ ಗುರುತು ಇದೆ. ಆದರೆ ಆ ನಿಯಮ ವಿರಾಮ ಚಿಹ್ನೆ ಬಂದ ಕೂಡಲೇ ತುಂಡು ಮಾಡುತ್ತದೆ. ‘ಕ್ಷ’ ಎರಡಾಗುತ್ತದೆ: ಕ್, ಷ. 2023ರ ಯೂನಿಕೋಡ್ 15.1ರಲ್ಲಿ ಇದನ್ನು ಸರಿಪಡಿಸಿ ಒತ್ತಕ್ಷರ ಕೂಡಿಯೇ ಇರುವಂತೆ ಮಾಡಿದರು. ಆದರೆ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಈ ಆರು ಲಿಪಿಗಳಿಗೆ ಮಾತ್ರ. ಪಕ್ಕದ ತೆಲುಗು ಸೇರಿತು, ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಹೊಸ ಲೈಬ್ರರಿ ಹಾಕಿಕೊಂಡರೆ ತಾನಾಗಿಯೇ ಸರಿಯಾಗುತ್ತದೆ ಅಂತ ನಂಬಿ ಕೂರಬೇಡಿ.

ಇದರಿಂದ ಆಗುವ ಕಿರಿಕಿರಿ ಅರ್ಕಾವತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ. ‘ರ್ನಾ’ದಲ್ಲಿ ‘ರ’ ಮೆಮೊರಿಯಲ್ಲಿ ಮೊದಲು ಇದೆ, ತೆರೆಯ ಮೇಲೆ ಕೊನೆಗೆ ಬರುತ್ತದೆ. ‘ರ್’ ಮತ್ತು ‘ನಾ’ ನಡುವೆ ಕರ್ಸರ್ ನಿಲ್ಲಬೇಕು ಅಂದರೆ ಎಲ್ಲಿ ನಿಲ್ಲಬೇಕು? ಅಂಥ ಜಾಗವೇ ತೆರೆಯ ಮೇಲೆ ಇಲ್ಲ. ಹಲವು ಎಡಿಟರ್‌ಗಳು ಇಡೀ ‘ರ್ನಾ’ದ ಅಗಲವನ್ನು ಎರಡು ಪಾಲು ಮಾಡಿ, ನಡುವೆ ‘ನಾ’ದ ಹೊಟ್ಟೆಯ ಮೇಲೆ ಗೀಟು ಎಳೆಯುತ್ತವೆ. ಅಲ್ಲಿ ಒಂದು ಅಕ್ಷರ ಒತ್ತಿದರೆ ಅರ್ಕಾವತ್ತು ಮಾಯವಾಗಿ ಬೇರೇನೋ ಹುಟ್ಟುತ್ತದೆ. ಬರೆಯುತ್ತಿದ್ದವರಿಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ.

ಹಾಗಾಗಿ ಕನ್ನಡಕ್ಕೆ ನಿಮ್ಮದೇ ಒಂದು ಸಣ್ಣ ನಿಯಮ ಸೇರಿಸಿ. ಕ್ಲಸ್ಟರ್ ಒಂದು ವಿರಾಮ ಚಿಹ್ನೆಯಲ್ಲಿ ಮುಗಿದು, ಮುಂದಿನದು ಕನ್ನಡ ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸಿ. ನಡುವೆ 8204 ಇದ್ದರೆ ಕೂಡಿಸಬೇಡಿ, ಯಾಕಂದರೆ ಬರೆದವರು ಬೇಕೆಂದೇ ಬಿಡಿಸಿದ್ದಾರೆ. ಇಷ್ಟು ಮಾಡಿದರೆ ‘ಸ್ತ್ರೀ’ ಒಂದೇ ಹೆಜ್ಜೆ ಆಗುತ್ತದೆ. ‘ಕರ್ನಾಟಕ’ ನಾಲ್ಕು ಹೆಜ್ಜೆ. ‘ಸಾಫ್ಟ್‌ವೇರ್’ ಒಳಗೆ 11 ಕೋಡ್‌ಪಾಯಿಂಟ್ ಇದ್ದರೂ ನಾಲ್ಕೇ ಹೆಜ್ಜೆ: ಸಾ, ಫ್ಟ್, ವೇ, ರ್.

ಅಳಿಸುವುದಕ್ಕೆ ಮಾತ್ರ ಈ ನಿಯಮ ಬೇಡ. ಬ್ಯಾಕ್‌ಸ್ಪೇಸ್ ಒಂದು ಸಲಕ್ಕೆ ಒಂದು ಕೋಡ್‌ಪಾಯಿಂಟ್ ಅಳಿಸಲಿ. ‘ಸ್ತ್ರೀ’ ಬದಲು ‘ಸ್ತ್ರಿ’ ಅಂತ ಬರೆದವರು ಗುಡಿಸು ಒಂದನ್ನು ಅಳಿಸಿ ದೀರ್ಘ ಹಾಕಲು ಬಯಸುತ್ತಾರೆ. ಐದು ಕೀಲಿಗಳನ್ನು ಮತ್ತೆ ಒತ್ತಲು ಯಾರಿಗೂ ಇಷ್ಟ ಇರುವುದಿಲ್ಲ. ಡಿಲೀಟ್ ಕೀಲಿ ಮಾತ್ರ ಮುಂದಿನ ಇಡೀ ಅಕ್ಷರವನ್ನು ತೆಗೆಯಲಿ. ಮುಂದಿನಿಂದ ಒಂದೇ ಕೋಡ್‌ಪಾಯಿಂಟ್ ತೆಗೆದರೆ ‘ಕ’ ಹೋಗಿ ಗುಡಿಸೊಂದೇ ಅನಾಥವಾಗಿ ಚುಕ್ಕಿ ವೃತ್ತದ ಮೇಲೆ ಕೂರುತ್ತದೆ. ಈ ಎರಡು ಕೀಲಿಗಳು ಒಂದೇ ಥರ ನಡೆಯದಿರುವುದು ಬಳಕೆಗೆ ಸರಿಯಾಗಿಯೇ ಇದೆ. ನನ್ನ ಅನುಭವದಲ್ಲಿ ಕನ್ನಡ ಬರೆಯುವವರು ಎಡಿಟರ್ ಚೆನ್ನಾಗಿದೆಯೋ ಇಲ್ಲವೋ ಅಂತ ಮೊದಲು ತೀರ್ಮಾನಿಸುವುದೇ ಬ್ಯಾಕ್‌ಸ್ಪೇಸ್‌ನಿಂದ.

ಇನ್ನು ನಿಮ್ಮ ಕಾಲಂ. ಸ್ಪೇಸ್ ಕೊಟ್ಟು ಕನ್ನಡದ ಕಾಲಂ ನೆಟ್ಟಗೆ ನಿಲ್ಲಿಸುವ ಪ್ರಯತ್ನವನ್ನು ಬಿಟ್ಟುಬಿಡಿ. ಸ್ಪೇಸಿನ ಅಗಲದಿಂದ ಭಾಗಿಸಿದರೆ ಕನ್ನಡದ ಪದಗಳು ಪೂರ್ಣ ಸಂಖ್ಯೆಗೆ ಬರುವುದಿಲ್ಲ. ಒಂದು ಫಾಂಟಿನಲ್ಲಿ ಹೇಗೋ ಹೊಂದಿಸಿದರೆ ಇನ್ನೊಂದರಲ್ಲಿ ಕೆಡುತ್ತದೆ. ಕಾಲಂ ನಡುವೆ ಒಂದೇ ಒಂದು ಟ್ಯಾಬ್ ಇಟ್ಟು ಫೈಲ್ ಉಳಿಸಿ. ನೋಡಲು ಲಿಬ್ರೆ ಆಫೀಸ್‌ನಂಥ ಸ್ಪ್ರೆಡ್‌ಶೀಟಿನಲ್ಲಿ ತೆರೆಯಿರಿ. ನಿಮ್ಮ ಎಡಿಟರಿನಲ್ಲೇ ಬೇಕು ಅಂದರೆ, ಟ್ಯಾಬ್‌ಗೆ ಇಷ್ಟು ಸ್ಪೇಸ್ ಅನ್ನುವ ಲೆಕ್ಕ ಬಿಟ್ಟು, ಆ ಕಾಲಂನ ಅತಿ ಅಗಲದ ಪದವನ್ನು ಪಿಕ್ಸೆಲ್‌ನಲ್ಲಿ ಅಳೆದು ಮುಂದಿನ ಕಾಲಂ ಅಲ್ಲಿಂದ ಶುರು ಮಾಡಿ. ಎಲಾಸ್ಟಿಕ್ ಟ್ಯಾಬ್‌ಸ್ಟಾಪ್ ಅಂತ ಇದಕ್ಕೆ ಹೆಸರು. ನಿಮ್ಮ ಪಟ್ಟಿಗೆ ಇದು ಹೇಳಿ ಮಾಡಿಸಿದ್ದು.

ಒಂದು ಎಚ್ಚರಿಕೆ ಉಳಿದಿದೆ. ಬೇರೆಯವರಿಂದ ಬಂದ ಫೈಲ್ ತೆರೆದಾಗ ಕನ್ನಡದ ಬದಲು, ತಲೆಯ ಮೇಲೆ ಓರೆ ಗೀಟಿರುವ ರೋಮನ್ ಅಕ್ಷರವೊಂದು ಮತ್ತೆ ಮತ್ತೆ ಬಂದು, ಅದರ ಪಕ್ಕ ಪುಟ್ಟ ² ಅಥವಾ ³ ಕಂಡರೆ ಗಾಬರಿ ಬೇಡ. ಯುಟಿಎಫ್-8 ಕನ್ನಡವನ್ನು ಎಡಿಟರ್ ಪಶ್ಚಿಮ ಯುರೋಪಿನ ಸಂಕೇತ ಅಂತ ತಪ್ಪಾಗಿ ಓದಿದೆ. ಕನ್ನಡದ ಎಲ್ಲ ಕೋಡ್‌ಪಾಯಿಂಟ್‌ಗಳೂ ಬೈಟ್ 224ರಿಂದ ಶುರುವಾಗಿ ಮುಂದಿನದು 178 ಅಥವಾ 179 ಆಗಿರುತ್ತದೆ. ಆ ಸಂಕೇತದಲ್ಲಿ 178 ಅಂದರೆ ², 179 ಅಂದರೆ ³. ಉಳಿಸದೆ ಮುಚ್ಚಿ, ಯುಟಿಎಫ್-8 ಅಂತ ಹೇಳಿ ಮತ್ತೆ ತೆರೆಯಿರಿ. ಆ ಸ್ಥಿತಿಯಲ್ಲಿ ಉಳಿಸಿದರೆ ಮಾತ್ರ ನಿಜವಾಗಿ ಕೆಡುತ್ತದೆ. ² ಕಾಣದೆ ಬರೀ ರೋಮನ್ ಅಕ್ಷರಗಳ ಗೋಜಲು ಇದ್ದರೆ ಅದು ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿ ಬರೆದದ್ದು ಇರಬಹುದು. ಅದಕ್ಕೆ ಪರಿವರ್ತಕ ಬೇಕು, ಎಡಿಟರ್ ಸೆಟ್ಟಿಂಗ್ ಬದಲಿಸಿ ಪ್ರಯೋಜನ ಇಲ್ಲ.

ನಿಮ್ಮ ಎಡಿಟರ್ ಒಂದು ಹಂತಕ್ಕೆ ಬಂದ ಮೇಲೆ ಶಿರಸಿ, ಕೋಲಾರ, ತೀರ್ಥಹಳ್ಳಿ, ಶ್ರೀರಂಗಪಟ್ಟಣ, ರಾಷ್ಟ್ರ, ರ‍್ಯಾಂಕ್, ಸಾಫ್ಟ್‌ವೇರ್ ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದು ಪರೀಕ್ಷಿಸಿ. ಜೊತೆಗೆ ಬಿಡಿಸಿದ ರೂಪದ ಇನ್ನೊಂದು ಕೋಲಾರವೂ ಇರಲಿ. ಎಡದಿಂದ ಬಲಕ್ಕೆ ಬಾಣದ ಕೀಲಿಯಲ್ಲಿ ನಡೆದು ಹೆಜ್ಜೆ ಎಣಿಸಿ, ಬಲದಿಂದ ಎಡಕ್ಕೂ ಅಷ್ಟೇ ಹೆಜ್ಜೆ ಬರಬೇಕು. ‘ಕೋಲಾರ’ ಹುಡುಕಿದರೆ ಎರಡೂ ಸಿಗಬೇಕು. ಕೊನೆಗೆ ಏನೂ ತಿದ್ದದೆ ಫೈಲ್ ಉಳಿಸಿ, ಹಳೆಯದಕ್ಕೂ ಹೊಸದಕ್ಕೂ ಬೈಟ್ ಹೋಲಿಸಿ. ಒಂದು ಬೈಟ್ ವ್ಯತ್ಯಾಸ ಕಂಡರೂ, ಬೇರೆ ಕೆಲಸ ಬಿಟ್ಟು ಅದನ್ನು ಮೊದಲು ಸರಿಮಾಡಿ.